ಬ್ರಾಂಚ್ ನೋಡಬೇಕಾ, ಕಾಲೇಜು ನೋಡಬೇಕಾ? ಗೈಡ್ ಯಾರಾಗಬೇಕು?

ಕೇಳಿದವರು, ಜಮಖಂಡಿ

ಮಗಳ ಸಿಇಟಿ ರ‍್ಯಾಂಕ್ ಬಂದಿದೆ. ಬೆಳಗಾವಿಯ ಹಳೆ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸಿಗಬಹುದು. ಕಂಪ್ಯೂಟರ್ ಸೈನ್ಸೇ ಬೇಕು ಅಂದರೆ ಹೊಸ ಸಣ್ಣ ಕಾಲೇಜಿಗೆ ಹೋಗಬೇಕು. ಅವಳಿಗೆ ಮೋಟಾರು ಬಿಚ್ಚಿ ನೋಡೋದು ಇಷ್ಟ. ನೆಂಟರೆಲ್ಲ ಸಿಎಸ್ ಅಂತಾರೆ. ಇನ್ನೊಂದು, ಮೆಂಟರ್, ಗೈಡ್ ಅಂತ ಇರ್ತಾರಂತೆ. ಅವರನ್ನು ನಾವೇ ಆರಿಸಬಹುದಾ? ಓದಿ ಬಂದವರು ಹೇಳಿ.

ಮೆಕ್ಯಾನಿಕಲ್ ಓದಿದವನು, ಬೆಳಗಾವಿ

ಕಾಕಾ, ಮೊದಲು ಮಗಳಿಗೆ ಸಿಲೆಬಸ್ ತೋರಿಸಿ. ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುವಿನ ವೆಬ್‌ಸೈಟ್‌ನಲ್ಲಿದೆ. ಸ್ವಾಯತ್ತ ಕಾಲೇಜಾದರೆ ಸಿಲೆಬಸ್ ಅವರದೇ ಇರುತ್ತದೆ, ಅವರ ವೆಬ್‌ಸೈಟ್‌ನಲ್ಲಿ ನೋಡಿ. ಮೊದಲ ವರ್ಷದ್ದು ಬೇಡ, ಅಲ್ಲಿ ಯಾವ ಬ್ರಾಂಚಿನವರಿಗೂ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ತಪ್ಪಿದ್ದಲ್ಲ. ಎರಡನೇ ವರ್ಷದ್ದು ತೆಗೆಯಿರಿ. ಎಲೆಕ್ಟ್ರಿಕಲ್‌ನಲ್ಲಿ ಸರ್ಕ್ಯೂಟ್, ಟ್ರಾನ್ಸ್‌ಫಾರ್ಮರ್, ಮೋಟಾರು. ಸಿಎಸ್‌ನಲ್ಲಿ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್. ಯಾವುದರ ಹತ್ತಿರ ಅವಳು ಜಾಸ್ತಿ ಹೊತ್ತು ನಿಲ್ಲುತ್ತಾಳೆ ನೋಡಿ. ನೆಂಟರೇನು ಪರೀಕ್ಷೆ ಬರೆಯಲ್ಲವಲ್ಲ.

ಗೈಡ್, ಅಂದರೆ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರು, ಅವರ ವಿಷಯ. ನಮ್ಮ ಗೈಡ್ ದೊಡ್ಡ ಹೆಸರಿನವರಲ್ಲ, ಆದರೆ ಉದ್ಯಮಬಾಗದಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯವರ ಪರಿಚಯ ಚೆನ್ನಾಗಿತ್ತು. ಒಂದು ಫೌಂಡ್ರಿಗೆ ಕರೆದುಕೊಂಡು ಹೋಗಿ, ರಿಜೆಕ್ಟ್ ಆದ ಕಾಸ್ಟಿಂಗ್ (ಎರಕದ ತುಂಡು) ಕೈಗೆ ಕೊಟ್ಟರು. ಮಷೀನಿಂಗ್ ಆದ ಮೇಲೆ ಮೈತುಂಬ ಸಣ್ಣ ತೂತು ಎದ್ದಿದ್ದವು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ, ಕರಗಿದ ಕಬ್ಬಿಣ ಬಿದ್ದ ಕೂಡಲೇ ನೀರು ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದೇ, ಆದರೆ ಆ ತೂತಿನ ಮೇಲೆ ಬೆರಳು ಆಡಿಸಿದಾಗ ತಲೆಗೆ ಹೋಯಿತು. ಅದೇ ಮರಳು ಚೀಲದಲ್ಲಿ ತಂದು ಲ್ಯಾಬಿನಲ್ಲಿ ತೇವ ಅಳೆದೆವು. ನಮ್ಮ ಪ್ರಾಜೆಕ್ಟ್ ಶುರುವಾದದ್ದು ಹಾಗೆ.

ಇನ್ನೊಂದು ತಂಡದ ಗೈಡ್ ತುಂಬಾ ಓದಿದವರು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಆ ಹುಡುಗರು ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತಂದರು. ವೈವಾದಲ್ಲಿ ಒಂದು ಬೋಲ್ಟ್ ಯಾಕೆ ಅಲ್ಲಿದೆ ಅಂತ ಕೇಳಿದರೂ ಉತ್ತರವಿಲ್ಲ.

ಎಲೆಕ್ಟ್ರಿಕಲ್ ಓದಿದವಳು, ವಿಜಯಪುರ

ನಮ್ಮ ಅಪ್ಪನ ಲೆಕ್ಕ ಬೇರೆ ಇತ್ತು. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಮಗಳಿಗೆ ಮನೆ ಬಾಗಿಲಲ್ಲೇ ಕೆಲಸ! ಹಾಗಿರಲ್ಲ ಕಾಕಾ. ಎನ್‌ಟಿಪಿಸಿ ಹೊಸ ಇಂಜಿನಿಯರ್‌ಗಳನ್ನು ಗೇಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ ನೋಡಿ ಇಡೀ ದೇಶದಿಂದ ತೆಗೆದುಕೊಳ್ಳುತ್ತದೆ, ದೇಶದ ಯಾವ ಮೂಲೆಗೂ ಹಾಕುತ್ತದೆ. ಊರ ಹತ್ತಿರ ಏನಿದೆ ಅಂತ ಬ್ರಾಂಚ್ ಹಿಡಿಯಬೇಡಿ.

ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳು ಎಷ್ಟೋ ಸಲ ಎಲೆಕ್ಟ್ರಿಕಲ್‌ನವರನ್ನೂ ಆಯ್ಕೆ ಪರೀಕ್ಷೆಗೆ ಕೂರಿಸುತ್ತವೆ. ಹೋದ ವರ್ಷ ಯಾವ ಬ್ರಾಂಚಿನವರಿಗೆ ಎಷ್ಟು ಆಯ್ಕೆ ಅಂತ ವಿಭಾಗದಲ್ಲೇ ಕೇಳಿ. ಫ್ಲೆಕ್ಸ್ ಮೇಲಿನ ಫೋಟೊ ಎಣಿಸಿದರೆ ಆಗಲ್ಲ.

ಪಾಠ ಮಾಡುವವರು, ಬಾಗಲಕೋಟೆ

ಮೆಂಟರ್ ಅಂದರೆ ವಿದ್ಯಾರ್ಥಿಯನ್ನು ನೋಡಿಕೊಳ್ಳಲು ಕಾಲೇಜಿನವರೇ ಗೊತ್ತು ಮಾಡುವ ಮೇಷ್ಟ್ರು, ಸಾಮಾನ್ಯವಾಗಿ ಆರಿಸೋಕೆ ಬರಲ್ಲ. ಹಾಜರಿ ಶೇ. 85ಕ್ಕಿಂತ ಕೆಳಗಿಳಿಯುವ ಮೊದಲು, ಇಂಟರ್ನಲ್ಸ್ ಕೆಟ್ಟಾಗ, ಹಾಸ್ಟೆಲಲ್ಲಿ ಊಟ ಸೇರದಿದ್ದಾಗ ಮೊದಲು ಹೋಗಬೇಕಾದ್ದು ಅವರ ಹತ್ತಿರ. ಸಹಿ ಬೇಕಾದಾಗ ಮಾತ್ರ ಬರುವ ಹುಡುಗರಿಗೆ ನಾವಾದರೂ ಏನು ಮಾಡೋಣ?

ಗೈಡ್ ಸಿಗೋದು ಕೊನೆಗೆ, ಪ್ರಾಜೆಕ್ಟ್ ಶುರುವಾಗುವಾಗ. ಕೆಲವು ಕಡೆ ತಂಡವೇ ಕೇಳಬಹುದು, ಕೆಲವು ಕಡೆ ವಿಭಾಗದವರು ಹಂಚುತ್ತಾರೆ. ಕೇಳುವ ಅವಕಾಶ ಇದ್ದರೆ ವಿಭಾಗದ ಲೈಬ್ರರಿಯಲ್ಲಿ ಹಳೆ ಪ್ರಾಜೆಕ್ಟ್ ವರದಿ ತೆಗೆದು ನೋಡಲಿ. ವರ್ಷ ವರ್ಷ ಅದೇ ವಿಷಯವನ್ನೇ ತಿರುವಿ ಹಾಕುವವರು ಯಾರು, ಹೊಸದು ಮಾಡಿಸುವವರು ಯಾರು ಅಂತ ಗೊತ್ತಾಗುತ್ತದೆ. ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ (ಕೆಎಸ್‌ಸಿಎಸ್‌ಟಿ) ಹಣ ಕೊಡುತ್ತದೆ. ಆ ಅರ್ಜಿ ಬರೆಸಿ ಕಳಿಸಿದ ಗೈಡ್ ಯಾರು ಅಂತಲೂ ವಿಚಾರಿಸಿ.

ಕೇಳಿದವರು, ಜಮಖಂಡಿ

ಎಲ್ಲರಿಗೂ ಧನ್ಯವಾದ. ಸಿಲೆಬಸ್ ಓದಿದಳು, ಎಲೆಕ್ಟ್ರಿಕಲ್ ಅಂತಿದ್ದಾಳೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕ್ರಮವಾಗಿ ತುಂಬುವ ಪಟ್ಟಿಯಲ್ಲಿ, ಸುಮ್ನೆ ಇರಲಿ ಅಂತ ಸಿಎಸ್ ಮೇಲೆ ಹಾಕಿ, ಇದನ್ನು ಕೆಳಗೆ ಹಾಕಿದರೆ ನಡೆಯುತ್ತಾ?

ಎಲೆಕ್ಟ್ರಿಕಲ್ ಓದಿದವಳು, ವಿಜಯಪುರ

ಬೇಡ ಕಾಕಾ. ಮೇಲಿನದು ಸಿಕ್ಕರೆ ಕೆಳಗಿನದನ್ನು ಕೊಡಲ್ಲ. ಅವಳು ಹೇಳಿದ್ದೇ ಮೇಲೆ ಇರಲಿ.