ಸಹಾಯ ಬೇಕು: 1971ರ ಯುದ್ಧದ ಪದಕಗಳಿಗೆ ರಿಬ್ಬನ್, ಕಟ್ಟಿಕೊಡುವ ಟೈಲರ್

ಡಿಸೆಂಬರ್ 16, ವಿಜಯ ದಿವಸಕ್ಕೆ ಉಡುಪಿ ಆಸುಪಾಸಿನ ಆರು ಮಂದಿ ಹಿರಿಯ ಮಾಜಿ ಸೈನಿಕರಿಗೆ ಸನ್ಮಾನ ಉಂಟು. ಶಾಲು, ಹಾರ ಹೇಗೂ ಆಗ್ತದೆ. ಅವರದೇ ಪದಕ ಎದೆ ಮೇಲೆ ನೆಟ್ಟಗೆ ಕೂರಬೇಕು, ಅದು ಮುಖ್ಯ. ಪದಕಗಳು ಗಟ್ಟಿಯಾಗಿವೆ. ರಿಬ್ಬನ್ ಮಾತ್ರ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಕೊಂಡಿ ಉಜ್ಜುವ ಮಡಿಕೆಯಲ್ಲೇ ಹರಿದಿದೆ.

ಬೇಕಾದ್ದು: ಪೂರ್ವಿ ಸ್ಟಾರ್ (ಆ ಯುದ್ಧದ ಪೂರ್ವ ರಂಗದ ಪದಕ) ನಾಲ್ಕು, ಪಶ್ಚಿಮಿ ಸ್ಟಾರ್ (ಪಶ್ಚಿಮ ರಂಗದ್ದು) ಎರಡು, ಸಂಗ್ರಾಮ್ ಮೆಡಲ್ (ಯುದ್ಧಕಾಲದ ಸೇವೆಗೆ ಕೊಟ್ಟದ್ದು) ಆರು, ಇವುಗಳ ಪೂರ್ಣ ಅಗಲದ ರಿಬ್ಬನ್. ಒಂದಕ್ಕೆ 15 ಸೆಂ.ಮೀ. ಸಾಕು, ಹೊಲಿಗೆ ತಪ್ಪಿದರೆ ಅಂತ 20 ಇರಲಿ. ಚಿಕ್ಕ ಮಿನಿಯೇಚರ್ ರಿಬ್ಬನ್ ಕಳಿಸಬೇಡಿ, ಅಗಲ ಸಾಲದು.

ಮಂಗಳೂರು, ಉಡುಪಿಯಲ್ಲಿ ಯೂನಿಫಾರ್ಮ್ ಹೊಲಿಯುವ ಟೈಲರ್ ಯಾರಾದರೂ ಗೊತ್ತುಂಟಾ? ಬಕ್ರಂ (ಒಳಗೆ ಹಾಕುವ ಗಡುಸು ಬಟ್ಟೆ) ಮೇಲೆ ಹೊಲಿದು ಪಿನ್ ಇರುವ ಪಟ್ಟಿಗೆ ಕೂರಿಸಬೇಕು, ಎಲ್ಲ ಪದಕಗಳ ಕೆಳ ಅಂಚು ಒಂದೇ ಗೆರೆಗೆ ಬರಬೇಕು. ಹಿರಿಯ ಪದಕ ಎದೆಯ ನಡುಭಾಗದ ಕಡೆಗೆ: ಮೊದಲು ಸ್ಟಾರ್, ಆಮೇಲೆ ಸಂಗ್ರಾಮ್, ನಂತರ ಸೈನ್ಯ ಸೇವಾ ಮೆಡಲ್, ಕೊನೆಗೆ ಸ್ವಾತಂತ್ರ್ಯದ 25ನೇ ವರ್ಷದ್ದು. ಎದುರಿಂದ ನೋಡಿ ಕಟ್ಟುವವರು ಎಡ-ಬಲ ಅದಲುಬದಲು ಮಾಡುವುದೇ ಹೆಚ್ಚು.

ಇನ್ನೊಂದು, ದಯವಿಟ್ಟು ಪದಕ ಫಳಫಳ ಮಾಡಲಿಕ್ಕೆ ಬ್ರಾಸೋ (ಲೋಹದ ಪಾಲಿಶ್) ಹಾಕಬೇಡಿ. ಅಂಚಿನಲ್ಲಿ ಕೊರೆದ ನಂಬರ್, ಹೆಸರು ಸವೆದರೆ ಯಾರ ಪದಕ ಅಂತಲೇ ಗೊತ್ತಾಗದು. ಒಣ ಹತ್ತಿ ಬಟ್ಟೆ ಸಾಕು.

ಒಬ್ಬರ ಸಂಗ್ರಾಮ್ ಮೆಡಲ್ ಕಳೆದಿದೆ. ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ನಮೂದು ಉಂಟು. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಬದಲಿ ಪದಕ ತರಿಸಿದವರು ಇದ್ದರೆ ಅರ್ಜಿಯ ನಮೂನೆ ಹಾಕಿ ಮಾರಾಯ್ರೆ.