ಡಿಬಿ2 ಕಂಪ್ರೆಸ್ ಮಾಡೋ ಮುಂಚೆ ಟೆಸ್ಟ್ ಮಾಡೋದು ಹೇಗೆ?

ಪ್ರಶ್ನೆ:
ನಮಸ್ಕಾರ, ನಮ್ದು ಝಡ್/ಓಎಸ್ (ಐಬಿಎಂ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್) ಮೇಲಿರೋ ಡಿಬಿ2 ಡೇಟಾಬೇಸ್, ಹಿಸ್ಟರಿ ಟೇಬಲ್ ಬೆಳೀತಾನೇ ಇದೆ, ಡಿಸ್ಕ್ ಸಾಲ್ತಿಲ್ಲ. ಕಂಪ್ರೆಸ್ ಮಾಡಿ ಅಂತಿದಾರೆ, ಆದ್ರೆ ಎಷ್ಟು ಜಾಗ ಉಳಿಯುತ್ತೆ ಅಂತ ಗೊತ್ತಿಲ್ದೆ ಪ್ರೊಡಕ್ಷನ್‌ಗೆ ಕೈ ಹಾಕೋಕೆ ಧೈರ್ಯ ಬರ್ತಿಲ್ಲ. ಮೊದ್ಲೇ ನೋಡೋಕೆ ದಾರಿ ಇದ್ಯಾ?

ಉತ್ತರ 1:
ಇದೆ ಸರ್, ಡಿಬಿ2 ಜೊತೆಗೇ ಬರೋ ಡಿಎಸ್‌ಎನ್1ಕಾಂಪ್ ಅನ್ನೋ ಯುಟಿಲಿಟಿ ಓಡಿಸಿ. ಅದು ಡೇಟಾ ಮುಟ್ಟಲ್ಲ, ಅಂದಾಜು ಮಾತ್ರ ಕೊಡುತ್ತೆ. ಫುಲ್ ಇಮೇಜ್ ಕಾಪಿ (ಟೇಬಲ್‌ಸ್ಪೇಸಿನ ಪೂರ್ತಿ ಬ್ಯಾಕಪ್) ಮೇಲೆ ಫುಲ್‌ಕಾಪಿ ಪ್ಯಾರಾಮೀಟರ್ ಕೊಟ್ಟು ಓಡಿಸೋದು ಒಳ್ಳೇದು, ಜೊತೆಗೆ ರೀಆರ್ಗ್ ಅಂತಾನೂ ಕೊಡಿ, ಯಾಕಂದ್ರೆ ನೀವು ಕೊನೆಗೆ ಮಾಡೋದು ರೀಆರ್ಗನ್ನೇ (ಡೇಟಾನ ಹೊಸದಾಗಿ ಜೋಡಿಸಿ ಬರೆಯೋದು). ರಿಪೋರ್ಟಲ್ಲಿ ಬೈಟ್ ಉಳಿತಾಯ ಮಾತ್ರ ನೋಡ್ಬೇಡಿ, ಪೇಜ್ (ಡಿಬಿ2 ಡೇಟಾ ಇಡೋ ನಿಗದಿತ ಗಾತ್ರದ ತುಂಡು) ಎಷ್ಟು ಕಮ್ಮಿಯಾಗುತ್ತೆ ಅನ್ನೋದೇ ಮುಖ್ಯ, ಒಂದು ಪೇಜಲ್ಲಿ 255 ಸಾಲಿಗಿಂತ (ರೋ) ಜಾಸ್ತಿ ಕೂರಲ್ಲ, ರೋ ತೀರಾ ಚಿಕ್ಕದಿದ್ರೆ ಎಷ್ಟೇ ಕಂಪ್ರೆಸ್ ಮಾಡಿದ್ರೂ ಪ್ರಯೋಜನ ಇಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಸಿಪಿಯು ಖರ್ಚು ಅದ್ರಲ್ಲಿ ಸಿಗಲ್ಲ. ಟೆಸ್ಟ್ ಸಬ್‌ಸಿಸ್ಟಮಲ್ಲಿ (ಟೆಸ್ಟಿಗಿರೋ ಬೇರೆ ಡಿಬಿ2) ಟೇಬಲ್‌ಸ್ಪೇಸನ್ನ ಕಂಪ್ರೆಸ್ ಯೆಸ್ ಅಂತ ಆಲ್ಟರ್ ಮಾಡಿ, ರೀಆರ್ಗ್ ಮಾಡಿ, ಆಗ್ಲೇ ಡಿಕ್ಷನರಿ (ಮತ್ತೆ ಮತ್ತೆ ಬರೋ ಡೇಟಾಗೆ ಚಿಕ್ಕ ಕೋಡ್ ಕೊಡೋ ಪಟ್ಟಿ) ಕಟ್ಟೋದು, ಆಮೇಲೆ ಅದೇ ಬ್ಯಾಚ್ ಜಾಬ್ ಮುಂಚೆ-ಆಮೇಲೆ ಹೋಲಿಸಿ. ಟೆಸ್ಟ್ ಡೇಟಾ ಪ್ರೊಡಕ್ಷನ್ ಥರಾನೇ ಇರ್ಲಿ, ಒಂದೇ ಹೆಸರು ಸಾವಿರ ಸಲ ತುಂಬಿಸಿದ್ರೆ ಸುಳ್ಳು ಲೆಕ್ಕ ಬರುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಇಂಡೆಕ್ಸಿಗೂ ಇದೇನಾ?

ಉತ್ತರ 2:
ಅದೇ ಯುಟಿಲಿಟಿ, ಆದ್ರೆ ಇಂಡೆಕ್ಸಲ್ಲಿ ಡಿಕ್ಷನರಿ ಇರಲ್ಲ, 4ಕೆ ಪೇಜಿಂದು ಬಿಟ್ಟು ದೊಡ್ಡ ಪೇಜಿನ ಬಫರ್ ಪೂಲ್ (ಪೇಜುಗಳನ್ನ ಮೆಮೊರಿಯಲ್ಲಿ ಇಡೋ ಜಾಗ) ಬೇಕು.