ಅಜ್ಜನ ಪಿಯಾನೋ ಕೀಗೆ ಬೈರಿಗೆ ಬೇಡ ಮಗಾ

ಬೇಬಿ, ನಿನ್ನ ಮೆಸೇಜು ನೋಡಿದೆ. ಅಜ್ಜನ ಪಿಯಾನೋದ ನಡುವಿನ ಕೀಗಳು ಲಟಲಟ ಅಲ್ಲಾಡ್ತವೆ, ಬಡಗಿ ಬಂದು "ಅಡಿಯ ತೂತು ಸವೆದಿದೆ, ಬೆಣೆ ಹೊಡೆದು ಹೊಸ ತೂತು ಕೊರೆದು ಕೊಡ್ತೇನೆ, ಒಂದು ದಿನದ ಕೆಲಸ" ಅಂದಿದ್ದಾನೆ, ಮಾಡಿಸಬಹುದಾ ದೊಡ್ಡಪ್ಪಾ ಅಂತ ಕೇಳಿದ್ದಿ. ಟೈಪ್ ಮಾಡ್ಲಿಕ್ಕೆ ನನ್ನ ಕಣ್ಣಿಗೆ ಆಗುದಿಲ್ಲ, ಬಾಯಲ್ಲೇ ಹೇಳ್ತೇನೆ. ಮನೆಯ ಗ್ರೂಪಿನಲ್ಲಿರುವ ಉಡುಪಿಯವರೂ ಕೇಳಿ. ಆ ಬಡಗಿಗೆ ಇವತ್ತೇ ಫೋನು ಮಾಡಿ ಬರುದು ಬೇಡ ಅನ್ನು. ಕೀಗೆ ಬೈರಿಗೆ ತಾಗಿಸ್ಲಿಕ್ಕೆ ಬಿಡಬೇಡ.

ಯಾಕಂದ್ರೆ ಅದೇ ತಪ್ಪು ನನ್ನ ಕೈಯಿಂದ ಆಗಿದೆ. 1984ರ ಮಳೆಗಾಲ. ಪಿಯಾನೋ ರಿಪೇರಿ ಕಲಿಸಿದ ಮೇಸ್ತ್ರಿ ಹತ್ತಿರ ಸೇರಿ ನನಗೆ ಎರಡು ವರ್ಷ ಅಷ್ಟೆ. ಅವರು ಊರಲ್ಲಿರ್ಲಿಲ್ಲ. ಚರ್ಚಿನ ಪಿಯಾನೋದಲ್ಲಿ ಏಳು ಕೀ ಸಡಿಲ, ಶನಿವಾರ ಮದುವೆ. ನಾನು ಮಾಡ್ತೇನೆ ಅಂತ ಹೊರಟೆ. ಗಟ್ಟಿ ಮರ ಹಾಕಿದ್ರೆ ಗಟ್ಟಿ ನಿಲ್ತದೆ ಅಂತ ಬೀಟೆಯ ಬೆಣೆ ಕೆತ್ತಿ ಗೋಂದು ಹಚ್ಚಿ ಹೊಡೆದೆ. ಪಿಯಾನೋ ಕೀ ಅಂದ್ರೆ ಸ್ಪ್ರೂಸು, ಪೈನು ಜಾತಿಯ ಮೆತ್ತನೆ ಮರ, ಉಗುರು ಒತ್ತಿದ್ರೆ ಗುರುತು ಬೀಳ್ತದೆ. ಅದರ ನಡುವೆ ಕಲ್ಲಿನಂಥ ಬೀಟೆ. ಬೈರಿಗೆ ತುದಿ ಬೀಟೆಯ ಮೇಲೆ ನಿಲ್ಲದೆ ಪಕ್ಕದ ಮೆತ್ತನೆ ಮರಕ್ಕೆ ಜಾರಿ ಇಳಿಯಿತು. ಕೈಗೆ ಗೊತ್ತೇ ಆಗ್ಲಿಲ್ಲ. ಮೇಜಿನ ಮೇಲೆ ಬಿದ್ದ ಹೊಟ್ಟು ಅರ್ಧ ಕಪ್ಪು, ಅರ್ಧ ಬಿಳಿ. ಅದನ್ನು ಕಂಡಾಗಲೇ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸ್ಲಿಲ್ಲ, ಏಳನ್ನೂ ಕೊರೆದೆ.

ವಾಪಸ್ ಕೂರಿಸಿದ್ರೆ ಒಂದು ಮುಂದೆ, ಒಂದು ಹಿಂದೆ, ಒಂದರದ್ದು ಸೊಂಟವೇ ಓರೆ. ಕೀ ಕೀಗಳ ನಡುವೆ ಇರುವ ಸಂದೇ ಒಂದು ಮಿಲಿಮೀಟರಿನಷ್ಟು, ತೂತು ಅಷ್ಟೇ ಸರಿದ್ರೂ ಒಂದಕ್ಕೊಂದು ಉಜ್ಜುತ್ತದೆ. ಮದುವೆಯಲ್ಲಿ ಟೀಚರು ಒಂದು ಕೀ ಒತ್ತಿದ್ರೆ ಪಕ್ಕದ್ದೂ ಕೆಳಗೆ ಹೋಗಿ ಕೂತ್ಕೊಳ್ತಿತ್ತು. ಅವರು ಇನ್ನೊಂದು ಬೆರಳಲ್ಲಿ ಅದನ್ನು ಎತ್ತಿ ಎತ್ತಿ ಇಡೀ ಕೀರ್ತನೆ ಮುಗಿಸಿದ್ರು. ನಾನು ಕಂಬದ ಹಿಂದೆ ನಿಂತಿದ್ದೆ. ಮೇಸ್ತ್ರಿ ಬಂದವರು ಬೈಯ್ಲಿಲ್ಲ. ಎಲ್ಲ ಕೀ ತೆಗೆಸಿ, ಉದ್ದಕ್ಕೆ ಜೋಡಿಸಿ, ಮರದ ಗೆರೆ ತೋರಿಸಿದ್ರು. ಒಂದೇ ಹಲಗೆಯಿಂದ ಸೀಳಿದ್ದು ಮಗಾ, ಗೆರೆ ಒಂದರಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗ್ತದೆ. ತೂತು ಕೊರೆದದ್ದು ಹಲಗೆ ಇಡಿಯಾಗಿ ಇದ್ದಾಗ. ಆಮೇಲೆ ಬಿಡಿ ಕೀ ಕೈಯಲ್ಲಿ ಹಿಡಿದು ಆ ಜಾಗ ಕಣ್ಣಂದಾಜಿಗೆ ಸಿಗುದಿಲ್ಲ. ಅದಕ್ಕೇ ಮತ್ತೆ ಹೇಳ್ತೇನೆ, ಬೈರಿಗೆ ಬೇಡ. ಬಡಗಿ ಒಳ್ಳೆಯವನೇ ಇರಬಹುದು, ಬಾಗಿಲು ಮಾಡ್ಲಿ, ಮಂಚ ಮಾಡ್ಲಿ, ಆ ಕೀಗಳನ್ನು ಅವನ ಕೈಗೆ ಕೊಡಬೇಡ.

ಇನ್ನು ಅದು ಸಡಿಲ ಆದದ್ದು ಯಾಕೆ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ? ಮಂಗಳೂರಿನ ಉಪ್ಪುಗಾಳಿಗೆ ಕೀಯ ಅಡಿಯ ತೂತಿನಲ್ಲಿ ಕೂರುವ ಲೋಹದ ಪಿನ್ನು ತುಕ್ಕು ಹಿಡಿದು ಅರದ ಹಾಗೆ ಮರವನ್ನು ತಿಂತದೆ. ಮಳೆಗಾಲದಲ್ಲಿ ಮರ ಉಬ್ಬಿ ಪಿನ್ನಿಗೆ ಒತ್ತಿ ನಜ್ಜಾಗ್ತದೆ. ಅಜ್ಜ ಇದ್ದಾಗ ಮಳೆ ಜೋರಿರುವ ಆಟಿ ತಿಂಗಳಿಡೀ ಪಿಯಾನೋದ ಹೊಟ್ಟೆಯೊಳಗೆ 40 ವ್ಯಾಟಿನ ಬಲ್ಬು ಉರಿಸಿಡ್ತಿದ್ರು, ತೇವ ನಿಲ್ಲಬಾರದು ಅಂತ. ಅವರು ಹೋದ ಮೇಲೆ ಕರೆಂಟು ಬಿಲ್ಲು ಅಂತ ಅದನ್ನೂ ತೆಗೆದ್ರಿ. ಪಾಲು ಮಾಡುವಾಗ ಗೋಣಿ ಸುತ್ತಿ ಲಾರಿಗೆ ಏರಿಸಿ ಶಿರಾಡಿ ಘಾಟಿ ಹತ್ತಿಸಿದ್ರಿ, ಬೆಂಗಳೂರಿನ ಒಣ ಹವೆಗೆ ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ರಿ. ಉಬ್ಬಿ ನಜ್ಜಾದ ಮರ ಒಣಗಿದ್ರೆ ತೂತು ಸಡಿಲ ಆಗದೆ ಇನ್ನೇನಾಗ್ತದೆ? ನಲವತ್ತು ವರ್ಷ ಇದೇ ಕೆಲಸ ಮಾಡಿದವ ಮನೆಯಲ್ಲೇ ಇದ್ದೆ, ಒಬ್ಬರಾದ್ರೂ ಒಂದು ಮಾತು ಕೇಳ್ಲಿಲ್ಲ. ಲಾರಿ ಹೋದ ಮೇಲೆ ನಿನ್ನ ದೊಡ್ಡಮ್ಮ ಹೇಳಿದ್ಲು. ಆ ಬೇಜಾರು ನನಗೆ ಇವತ್ತಿಗೂ ಉಂಟು.

ಹಾಂ, ಬೇಬಿ, ಮಾಡಬೇಕಾದ್ದು ಹೇಳ್ಲೇ ಇಲ್ಲ. ಮೊದಲು ಕೀ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸು. ಅಲ್ಲಾಡಿದ್ರೆ ಸವೆದದ್ದು ಪಿನ್ನು ಆಡುವ ಕಂಡಿಯೊಳಗೆ ಅಂಟಿಸಿದ ಬಟ್ಟೆ, ಅದನ್ನು ಬದಲಾಯಿಸಿದ್ರೆ ಮುಗೀತು, ಮರದ ಕೆಲಸವೇ ಇಲ್ಲ. ನಿನ್ನದು ಅಷ್ಟೇ ಆಗಿದ್ರೂ ಆದೀತು. ಹಿಂದೆ ಮುಂದೆ ಎಳೆದಾಗ ಅಲ್ಲಾಡಿದ್ರೆ ಮಾತ್ರ ಅಡಿಯ ತೂತು. ಆಗ್ಲೂ ಬೆಣೆ ಕಡೆಯ ಉಪಾಯ. ಪಿಯಾನೋ ಶ್ರುತಿ ಮಾಡುವ ಟ್ಯೂನರನ್ನು ಕರೆಸು. ಪಿನ್ನಿನ ತುಕ್ಕು ಉಜ್ಜಿ ಹೊಳಪು ಮಾಡಿ, ತೂತಿಗೆ ಒಂದೇ ತೊಟ್ಟು ಬಿಸಿನೀರು ಬಿಟ್ಟು ಒಣಗಿಸಿದ್ರೆ ನಜ್ಜಾದ ಮರ ಎಷ್ಟೋ ಸಲ ಉಬ್ಬಿ ಹಿಡ್ಕೊಳ್ತದೆ. ಸಾಕಾಗದಿದ್ರೆ ನೀರಾಗಿ ಮಾಡಿದ ಗೋಂದು. ಮೇಲಿನ ಉದ್ದ ಕಂಡಿಗೆ ಒಂದು ಹನಿಯೂ ತಾಗಬಾರದು, ಕೀ ಆಡುದೇ ಅಲ್ಲಿ. ತೂತು ಸೀಳಿ ಹೋಗಿದ್ರೆ ಮಾತ್ರ ಬೆಣೆ, ಅದೂ ಮೆತ್ತನೆ ಮರದ್ದು. ತೂತಿನ ನಡು ಮೊದಲೇ ಗುರುತು ಹಾಕಿಕೊಂಡು, ಸ್ಟ್ಯಾಂಡಿನ ಡ್ರಿಲ್ಲಲ್ಲಿ, ಪಿನ್ನಿಗಿಂತ ಕೂದಲೆಳೆ ಸಣ್ಣ ಡ್ರಿಲ್ ಬಿಟ್ ಹಾಕಿ ಕೊರೆಯಬೇಕು.

ಕೀಗಳ ಮೇಲೆ ನಂಬರು ಒತ್ತಿರ್ತದೆ, ಅಳಿಸಿ ಹೋಗಿದ್ರೆ ತೆಗೆಯುವ ಮೊದಲೇ ಪೆನ್ಸಿಲಲ್ಲಿ ಬರ್ಕೊ. ಒಂದು ಕೀ ತೆಗೆದು ಪಿನ್ನಿನ ಫೋಟೋ ಹಾಕು, ಹಗಲು ಬೆಳಕಲ್ಲಿ. ಮತ್ತೆ ಇವತ್ತೇ ಆ ಕಿಟಕಿ ಪಕ್ಕದಿಂದ ಈಚೆಗೆ ಎಳೆಸು.